ಪಡು ಗೋಡೌನಿಗೆ ತಟ್ಟಿ ಕಟ್ಟಿದ ವರ್ಷ

ಮನುಷ್ಯನ ಬಾಳೆಲ್ಲ ಕಡಲ ಮೇಲಿನಿಂದ ಬೀಸುವ ಗಾಳಿಯ ಅಧೀನ ಎಂದು ಹಿರಿಯರು ಹೇಳಿದ್ದಾರೆ. ಹಿರಿಯರೆಂದರೆ ಬೇರೆ ಯಾರೂ ಅಲ್ಲ, ನಮ್ಮ ಅಪ್ಪ. ಅದನ್ನು ಅವರು ಹೇಳುತ್ತಿದ್ದುದೂ ಒಣಗದ ಬನಿಯನ್ ತೊಟ್ಟು ಇಗರ್ಜಿಗೆ ಹೊರಡಬೇಕಾದ ಮಳೆಗಾಲದ ಭಾನುವಾರಗಳಲ್ಲಿ ಮಾತ್ರ.

ಆದರೂ ಹಾಗೆ ಹೇಳುವ ಅಧಿಕಾರ ಅವರಿಗಿತ್ತು. ಮಂಗಳೂರಿನ ಹೊಯ್ಗೆಬಜಾರಿನ ಒಂದು ಕಾಫಿ ಯಾರ್ಡಿನಲ್ಲಿ ಅವರು ರೈಟರ್ ಆಗಿದ್ದರು. ನಮ್ಮ ಕಡೆ ರೈಟರ್ ಎಂದರೆ ಬರೆಯುವವನಲ್ಲ. ಇತರರು ಕೆಲಸ ಮಾಡುವಾಗ ಬೆನ್ನ ಹಿಂದೆ ಕೈಕಟ್ಟಿ ನಿಲ್ಲುವವನು. ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿದು ಬಂದ ಕಾಫಿ ಆ ಯಾರ್ಡಿನಲ್ಲಿ ಒಣಗಿ, ಸಿಪ್ಪೆ ಕಳಚಿಕೊಂಡು, ಹೆಂಗಸರ ಕೈಯಲ್ಲಿ ಆಯ್ದು ಶುದ್ಧವಾಗಿ ಹಡಗು ಹತ್ತುತ್ತಿತ್ತು. ಅದೆಲ್ಲ ಬೇರೆ ರೈಟರುಗಳ ಪಾಲಿನ ಕೆಲಸ. ಅಪ್ಪನ ಪಾಲಿಗಿದ್ದದ್ದು ಯಾರ್ಡಿನ ಅಂಚಿನಲ್ಲಿದ್ದ ಪಡು ಗೋಡೌನ್. ಮೂರು ಕಡೆ ಗೋಡೆ, ಪಶ್ಚಿಮಕ್ಕೆ ಬರೀ ಕಂಬ. ಕಂಬಗಳ ಮುಂದೆ ಹೊಳೆ, ಹೊಳೆಯಾಚೆ ಬೆಂಗ್ರೆಯ ಮರಳು, ಅದರಾಚೆ ಅರಬ್ಬೀ ಸಮುದ್ರ.

ಅಲ್ಲಿ ನಡೆಯುತ್ತಿದ್ದ ಕೆಲಸವನ್ನು ಹೇಳಿದರೆ ಘಟ್ಟದ ಮೇಲಿನವರು ನಂಬುವುದಿಲ್ಲ. ಹಿಂದೆ ಹಾಯಿಹಡಗುಗಳ ಕಾಲದಲ್ಲಿ ನಮ್ಮ ಕಾಫಿ ತಿಂಗಳುಗಟ್ಟಲೆ ಕಡಲಲ್ಲಿ ತೇಲಿ ಪರದೇಶಕ್ಕೆ ಹೋಗುತ್ತಿತ್ತಂತೆ. ಹಡಗಿನ ಹೊಟ್ಟೆಯಲ್ಲಿ ಉಪ್ಪುಗಾಳಿ ಕುಡಿದು ಹಸಿರು ಬೀಜ ಊದಿ, ಕೆನೆಬಣ್ಣಕ್ಕೆ ತಿರುಗಿ, ತನ್ನ ಹುಳಿಯನ್ನೆಲ್ಲ ಕಳೆದುಕೊಂಡು ಆ ದಡ ಸೇರುತ್ತಿತ್ತು. ಕೆಟ್ಟುಹೋದದ್ದನ್ನೇ ಕುಡಿದು ಕುಡಿದು ಅಲ್ಲಿಯವರಿಗೆ ಅದೇ ರುಚಿಯಾಯಿತು. ಆಮೇಲೆ ಹೊಗೆ ಹಡಗು ಬಂತು, ದಾರಿ ಹತ್ತಿರವಾಯಿತು, ಕಾಫಿ ಹಸಿರಾಗಿಯೇ ತಲುಪಿತು. ಇದೆಂಥ ಕಾಫಿ ಎಂದು ಅವರು ಮೂಗು ಮುರಿದರು. ಆಗ ನಮ್ಮ ಕರಾವಳಿಯವರು ಯೋಚಿಸಿ, ಕಾಫಿಗೆ ನೆಲದ ಮೇಲೆಯೇ ಕಡಲ ಪ್ರಯಾಣ ಮಾಡಿಸುವ ಉಪಾಯ ಕಂಡುಹಿಡಿದರು. ಜೂನ್ ತಿಂಗಳಲ್ಲಿ ಬೀಜವನ್ನು ಪಡು ಗೋಡೌನಿನ ನೆಲದಲ್ಲಿ ಹರಡುವುದು, ಮರದ ಗೋರುಮಣೆಯಿಂದ ಮತ್ತೆ ಮತ್ತೆ ಎಳೆದು ಮಗುಚುವುದು, ಮಳೆಗಾಳಿಯ ತೇವ ಹಿಡಿದ ಮೇಲೆ ಸಡಿಲವಾಗಿ ಗೋಣಿಗೆ ತುಂಬಿ, ಗೋಣಿ ಗೋಣಿಯ ನಡುವೆ ಗಾಳಿ ಹೋಗಲು ಓಣಿ ಬಿಟ್ಟು ನಿಲ್ಲಿಸುವುದು, ವಾರಕ್ಕೊಮ್ಮೆ ಸುರಿದು ಮತ್ತೆ ತುಂಬುವುದು. ಮಳೆಗಾಲ ಮುಗಿಯುವಾಗ ಬೀಜ ಬೆಳ್ಳಗೆ, ದಪ್ಪಗೆ, ಮೇಣದ ಹಾಗೆ ಆಗಿರುತ್ತಿತ್ತು. ಈ ಇಡೀ ಕರ್ಮಕ್ಕೆ ಯಾರ್ಡಿನಲ್ಲಿ ಒಂದೇ ಮಾತು: ಮಾನ್ಸೂನ್ ಮಾಡುವುದು.

ಹೀಗಾಗಿ ಅಪ್ಪ ತಮ್ಮನ್ನು ಒಬ್ಬ ಕಪ್ತಾನನೆಂದೇ ತಿಳಿದಿದ್ದರು. ದೋಣಿ ಹತ್ತಿದರೆ ತಲೆಸುತ್ತು ಬರುತ್ತಿತ್ತು, ಅದು ಬೇರೆ ವಿಷಯ.

ನಾವಿದ್ದುದು ಬಿಕರ್ನಕಟ್ಟೆಯಲ್ಲಿ. ಮೇ ತಿಂಗಳು ಬಂತೆಂದರೆ ಊರಿನ ಪ್ರತಿ ಮನೆಯವರೂ ಪಡುಗೋಡೆಗೆ ಹೆಣೆದ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಮಳೆಯೆಲ್ಲ ಬಂದು ಬಡಿಯುವುದು ಆ ಗೋಡೆಗೇ. ತಟ್ಟಿ ಇಲ್ಲದಿದ್ದರೆ ಕೆಂಪು ಕಲ್ಲು ನೀರು ಕುಡಿದು ಒಳಗಿನ ಸುಣ್ಣ ಉದುರುತ್ತದೆ. ನಮ್ಮ ಮನೆಯ ತಟ್ಟಿಯನ್ನು ಅಮ್ಮನೇ ಆಳು ಹಿಡಿದು ಕಟ್ಟಿಸುತ್ತಿದ್ದಳು. ಏಕೆಂದರೆ ಅದೇ ವಾರ ಅಪ್ಪ ಹೊಯ್ಗೆಬಜಾರಿನಲ್ಲಿ ತಮ್ಮ ಗೋಡೌನಿನ ಬೇಸಗೆಯ ತಟ್ಟಿಗಳನ್ನು ಬಿಚ್ಚಿಸುತ್ತಿದ್ದರು.

“ಊರೆಲ್ಲ ಬಾಗಿಲು ಹಾಕುವಾಗ ಇವರೊಬ್ರು ತೆರೀಲಿಕ್ಕೆ ಹೋಗ್ತಾರೆ,” ಎನ್ನುತ್ತಿದ್ದಳು ಅಮ್ಮ. “ಕಪ್ತಾನರಿಗೆ ಮನೆ ಎಂತಕ್ಕೆ?”

ಮನೆಯಲ್ಲಿ ನಾವು ಆಡುತ್ತಿದ್ದುದು ಕೊಂಕಣಿ. ಯಾರ್ಡಿನ ಸಾಹುಕಾರರದು ಬ್ಯಾರಿ ಭಾಷೆ, ಹೆಂಗಸರದು ತುಳು. ಕಾಫಿಯ ವಿಷಯ ಗಂಭೀರವಾದಾಗ ಮಾತ್ರ ಎಲ್ಲರೂ ಕನ್ನಡಕ್ಕೆ ಬರುತ್ತಿದ್ದರು. ಅದು ಯಾರ ಮನೆಯದೂ ಅಲ್ಲದ್ದರಿಂದ ಜಗಳಕ್ಕೆ ಅನುಕೂಲ.

ನಾನು ಹೇಳಹೊರಟದ್ದು ಅರುವತ್ತರ ದಶಕದ ನಡುವಿನ ಒಂದು ವರ್ಷದ ಕತೆ. ನಾನು ಆಗಷ್ಟೇ ಒಂದು ಶಾಲೆಯಲ್ಲಿ ಭೂಗೋಳದ ಮೇಷ್ಟ್ರಾಗಿದ್ದೆ. ಅದರ ಹಿಂದಿನ ವರ್ಷ ಮಳೆಗಾಲ ಸ್ವಲ್ಪ ಸೊರಗಿತ್ತು. ಕಾಫಿಯ ಬಣ್ಣ ಸಾಲದೆಂದು ಪರದೇಶದ ವ್ಯಾಪಾರಿ ತಕರಾರು ಕಳಿಸಿದ್ದ. ಮೇ ಕೊನೆಯಲ್ಲಿ ಸಾಹುಕಾರರು ಅಪ್ಪನನ್ನು ಕರೆದು ಕುರ್ಚಿ ಕೊಟ್ಟರು. ಕುರ್ಚಿ ಕೊಟ್ಟಾಗಲೇ ವಿಷಯ ಒಳ್ಳೆಯದಲ್ಲವೆಂದು ಅಪ್ಪನಿಗೆ ತಿಳಿಯಿತಂತೆ.

“ಪೊರ್ಬುಗಳೇ,” ಎಂದರು ಸಾಹುಕಾರರು. ನಮ್ಮ ಕೊಂಕಣಿ ಕ್ರೈಸ್ತರನ್ನು ಊರಿನಲ್ಲಿ ಹಾಗೇ ಕರೆಯುವುದು. “ಈ ಸಲ ಬಣ್ಣ ಬಾರದಿದ್ರೆ ಅವರು ನಮ್ಮಿಂದ ತೆಗೊಳ್ಳುವುದಿಲ್ಲ. ಮತ್ತೆ ಪಡು ಗೋಡೌನ್ ಇಟ್ಟುಕೊಂಡು ನಾನು ಎಂತ ಮಾಡ್ಲಿ? ಮುಚ್ಚುವುದೇ. ನಿಮ್ಮ ಹತ್ರ ಸುಳ್ಳು ಹೇಳ್ಲಿಕ್ಕೆ ನನಗೆ ಮನಸ್ಸಿಲ್ಲ.”

“ಮುಚ್ಚುವ ಮಾತು ಎಂತಕ್ಕೆ ಸಾಹುಕಾರ್ರೇ? ಗಾಳಿ ಬಂದ್ರೆ ಬಣ್ಣ ಬಂತು.”

“ಬಾರದಿದ್ರೆ?”

“ಗಾಳಿ ಬಾರದ ಮಳೆಗಾಲ ಉಂಟಾ ಮಾರಾಯ್ರೆ?”

ಗೋಡೌನ್ ಮುಚ್ಚಿದರೆ ಅಪ್ಪನಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಉಳಿದ ವಿಭಾಗಗಳಿಗೆ ಅವರವರ ರೈಟರುಗಳಿದ್ದರು. ಬೀಜವನ್ನು ಹಲ್ಲಿನಲ್ಲಿ ಕಚ್ಚಿ, ಮೂಗಿಗೆ ಹಿಡಿದು, ಇನ್ನು ಎಷ್ಟು ಗಾಳಿ ಬೇಕು ಎಂದು ಹೇಳುವುದೊಂದು ಬಿಟ್ಟರೆ ಅವರಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಆ ವಯಸ್ಸಿನವನ ಮೂಗನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ?

ತಟ್ಟಿ ಬಿಚ್ಚಿದರು. ಕಾಫಿ ಹರಡಿದರು. ಜೂನ್ ಬಂತು, ಗಾಳಿ ಬರಲಿಲ್ಲ.

ಮಳೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಮದುವೆ ಮನೆಗೆ ತಲೆ ತೋರಿಸಿ ಊಟಕ್ಕೆ ನಿಲ್ಲದೆ ಹೋಗುವ ನೆಂಟನ ಹಾಗೆ. ಮೂಡಣದಿಂದ ಗುಡುಗಿ ಒಂದಷ್ಟು ಸುರಿದು, ಮರುದಿನ ಮತ್ತೆ ಬಿಸಿಲು. ಪಡುವಣ ಮಾತ್ರ ಸತ್ತ ಹಾಗೆ ಬಿದ್ದಿತ್ತು. ಹೊಳೆಯ ನೀರಿನ ಮೇಲೆ ಎಣ್ಣೆ ಹಚ್ಚಿದಂಥ ಹೊಳಪು. ದೊಡ್ಡ ದೋಣಿಗಳ ಕಂಬಗಳು ಅಲುಗದೆ ನಿಂತಿದ್ದವು.

ನಾನು ತರಗತಿಯಲ್ಲಿ ಪಾಠ ಮಾಡುತ್ತಿದ್ದೆ: ಬೇಸಗೆಯಲ್ಲಿ ನೆಲ ಕಡಲಿಗಿಂತ ಬೇಗ ಕಾಯುತ್ತದೆ, ಕಾದ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಿನ ತೇವದ ಗಾಳಿ ನುಗ್ಗುತ್ತದೆ, ಜೂನ್ ಮೊದಲ ವಾರದಲ್ಲಿ ಅದು ನಮ್ಮ ಕರಾವಳಿಯನ್ನು ಮುಟ್ಟುತ್ತದೆ. ಹಿಂದಿನ ಬೆಂಚಿನಿಂದ ಒಬ್ಬ, “ಯಾವ ವರ್ಷದ ಜೂನ್ ಸಾರ್?” ಎಂದು ಕೇಳಿದ. ಅವನನ್ನು ನಿಲ್ಲಿಸಿದೆ. ಉತ್ತರ ಗೊತ್ತಿಲ್ಲದಾಗ ಮೇಷ್ಟ್ರುಗಳು ಮಾಡುವುದು ಅದನ್ನೇ.

ಮನೆಯಲ್ಲಿ ಅಪ್ಪನಿಗೂ ಅದೇ ಪಾಠ ಒಪ್ಪಿಸಿದೆ. ಅವರು ಗಂಜಿ ಉಣ್ಣುತ್ತ ಪೂರ್ತಿ ಕೇಳಿದರು.

“ನೆಲ ಕಾದ್ರೆ ಗಾಳಿ ಬರ್ತದೆ ಅಂತ ನಿನ್ನ ಪುಸ್ತಕ. ನೆಲ ಬೆಂದೇ ಹೋಗಿದೆ. ಗಾಳಿ ಎಲ್ಲಿ?”

“ಅದು ಸಾಮಾನ್ಯ ನಿಯಮ ಪಪ್ಪಾ.”

“ಸಾಮಾನ್ಯ ವರ್ಷಕ್ಕೆ ನಿಯಮ ಎಂತಕ್ಕೆ? ಆಗ ಹೇಗೂ ಬರ್ತದಲ್ಲ.”

ಆ ವರ್ಷ ಗಾಳಿ ಏಕೆ ಬರಲಿಲ್ಲವೆಂಬುದು ನನಗೆ ತಿಳಿಯುವಷ್ಟರಲ್ಲಿ ನನ್ನ ತಲೆ ನರೆತಿತ್ತು. ಭೂಮಿಯ ಇನ್ನೊಂದು ಮಗ್ಗುಲಲ್ಲಿ ಪೆಸಿಫಿಕ್ ಎಂಬ ಮಹಾಸಾಗರವಿದೆ. ಅದರ ಮೇಲ್ಮೈಯ ಬಿಸಿನೀರನ್ನು ಅಲ್ಲಿಯ ಗಾಳಿ ಸಾಮಾನ್ಯವಾಗಿ ಏಷ್ಯದ ಕಡೆಗೆ ತಳ್ಳಿ ಗುಡ್ಡೆ ಹಾಕಿರುತ್ತದೆ. ಕೆಲವು ವರ್ಷ ಆ ಗಾಳಿ ಸೋಲುತ್ತದೆ, ಬಿಸಿನೀರು ಅಮೆರಿಕದ ಕಡೆಗೆ ಜಾರುತ್ತದೆ. ಅದರ ಜೊತೆ ಮೋಡವೂ ಮೇಲೇರುವ ಗಾಳಿಯೂ ಜಾಗ ಬದಲಿಸುತ್ತವೆ. ಅಂಥ ವರ್ಷಗಳಲ್ಲಿ ಎಷ್ಟೋ ಸಲ ನಮ್ಮ ಮಳೆಗಾಳಿ ಸೊರಗುತ್ತದೆ. ಅಂದರೆ ಅಪ್ಪ ಆ ಜೂನ್, ಜುಲೈಗಳಲ್ಲಿ ಪ್ರತಿದಿನ ಕಂಬಕ್ಕೊರಗಿ ಅರಬ್ಬೀ ಸಮುದ್ರವನ್ನು ಕೊಂಕಣಿಯಲ್ಲಿ ಬೈದದ್ದು ವ್ಯರ್ಥ. ತಪ್ಪು ಬೇರೆ ಕಡಲಿನದು. ಅದಕ್ಕೆ ಕೊಂಕಣಿ ಕೇಳಿಸುವಂತಿರಲಿಲ್ಲ.

ಊರು ಪ್ರಾರ್ಥನೆಗೆ ಇಳಿಯಿತು. ಇಗರ್ಜಿಯಲ್ಲಿ ಮಳೆಗಾಗಿ ವಿಶೇಷ ಪೂಜೆ, ಮಸೀದಿಯವರಿಂದ ಬಯಲಿನಲ್ಲಿ ನಮಾಜು, ದೇವಸ್ಥಾನಗಳಲ್ಲಿ ಅಭಿಷೇಕ. ಎಲ್ಲರೂ ಕೇಳಿದ್ದು ಮಳೆಯನ್ನು. ಅಪ್ಪನಿಗೆ ಇದು ಸರಿಬೀಳಲಿಲ್ಲ. ಪೂಜೆ ಮುಗಿದ ಮೇಲೆ ಪಾದ್ರಿಗಳ ಹತ್ತಿರ ಹೋದರು. ನಾನು ಪಕ್ಕದಲ್ಲೇ ಇದ್ದೆ.

“ಫಾದರ್, ಗಾಳಿಯನ್ನೂ ಸೇರಿಸಬಹುದಾ?”

“ಮಳೆ ಬಂದ್ರೆ ಗಾಳಿ ಅದರ ಹಿಂದೆಯೇ ಬರ್ತದೆ.”

“ಇಲ್ಲ ಫಾದರ್, ಮುಂದೆ ಬರುವುದು ಗಾಳಿ. ಮಳೆ ಅದರ ಬಾಲ.”

ಪಾದ್ರಿಗಳು ಪೂಜೆಯ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡರು. “ದೇವರಿಗೆ ಕ್ರಮ ಗೊತ್ತುಂಟು,” ಎಂದು ಒಳಗೆ ಹೋದರು.

ಜುಲೈ ಹತ್ತಿರ ಬಂದಾಗ ನೆಲದ ಮೇಲಿನ ಕಾಫಿ ಇನ್ನೂ ಹಸಿರಾಗಿಯೇ ಇತ್ತು. ಸಾಹುಕಾರರು ದಿನಾ ಬಂದು ಒಂದು ಹಿಡಿ ಎತ್ತಿ ನೋಡಿ, ಏನೂ ಹೇಳದೆ ಸುರಿದು ಹೋಗುತ್ತಿದ್ದರು. ಬೈದಿದ್ದರೆ ಅಪ್ಪನಿಗೆ ನಿದ್ದೆ ಬರುತ್ತಿತ್ತೋ ಏನೋ. ಒಂದು ದಿನ ಅವರು ಸಾಹುಕಾರರ ಮುಂದೆ ನಿಂತು, ಮಳೆಗಾಲವನ್ನು ನಾವೇ ಮಾಡುವ ಎಂದರು.

ಯೋಜನೆ ಸರಳವಾಗಿತ್ತು. ಪಡುಬದಿಯ ಕಂಬಗಳಿಗೆ ಒದ್ದೆ ಗೋಣಿಗಳನ್ನು ಸಾಲಾಗಿ ತೂಗುಹಾಕುವುದು. ಬಾವಿಯಿಂದ ನೀರು ಸೇದಿ ಅವನ್ನು ದಿನವಿಡೀ ತೋಯಿಸುವುದು. ಕಾಫಿಯನ್ನು ಗೋಣಿಗೆ ತುಂಬಿ, ತೇವ ಆರದ ಹಾಗೆ ಈ ಸಲ ವಾರವಾರ ಸುರಿಯದೆ ನಿಲ್ಲಿಸಿ, ಖಾಲಿಯಾದ ನೆಲಕ್ಕೂ ನೀರು ಹಾಕುವುದು. ತೇವ ಹೊರಗೆ ಹೋಗದ ಹಾಗೆ ಗೋಣಿಗಳ ಹೊರಬದಿಯಿಂದ ಮಡಲಿನ ತಟ್ಟಿ ಕಟ್ಟುವುದು.

ತಟ್ಟಿ ಎಂದದ್ದೇ ಎಲ್ಲರ ಮುಖವೂ ಅರಳಿತು. ಮಳೆಗಾಲವೆಂದರೆ ಪಡುವಣಕ್ಕೆ ತಟ್ಟಿ ಎಂಬುದು ಮಂಗಳೂರಿನವರ ರಕ್ತದಲ್ಲೇ ಇದೆ. ಈ ಒಂದು ಕಟ್ಟಡಕ್ಕೆ ಮಾತ್ರ ಅದು ತಿರುಗುಮುರುಗು ಎಂಬುದನ್ನು ಆ ಹೊತ್ತಿನಲ್ಲಿ ಯಾರೂ ನೆನೆಯಲಿಲ್ಲ. ಸಾಹುಕಾರರು ಒಪ್ಪಿದರು. ಹೆಂಗಸರ ಗುಂಪಿಗೆ ಹಿರಿಯಳಾದವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು, ಅವಳೂ ಒಪ್ಪಿದಳು.

“ಒಳ್ಳೆದಾಯ್ತು ರೈಟರ್ರೇ,” ಎಂದಳು. “ದೇವರಿಗೆ ಕೈ ಮುಗಿಯುವ ಕೆಲಸ ಒಂದು ಉಳೀತು. ಇನ್ನು ಮಳೆ ಬೇಕಾದ್ರೆ ನಿಮಗೇ ಅಡ್ಡ ಬೀಳ್ತೇವೆ.”

“ಅಡ್ಡ ಬೀಳುವುದು ಮತ್ತೆ. ಮೊದಲು ಕೊಡಪಾನ ಎತ್ತು.”

ಗಾಳಿಯ ಜಾಗ ಖಾಲಿಯಿತ್ತು. ಅದಕ್ಕೆ ಸಾಹುಕಾರರು ತಮ್ಮ ಮನೆಯಿಂದ ನಿಲ್ಲಿಸುವ ಫ್ಯಾನೊಂದನ್ನು ತರಿಸಿಕೊಟ್ಟರು. ಅವರ ಬೀವಿ ಇದಕ್ಕಾಗಿ ಅವರೊಡನೆ ಮಾತು ಬಿಟ್ಟರೆಂದು ಸುದ್ದಿಯಿತ್ತು. ಹೀಗೆ ಅರಬ್ಬೀ ಸಮುದ್ರದ ಬದಲಿಗೆ ಹಂಗಾಮಿಯಾಗಿ ನೇಮಕಗೊಂಡ ಆ ಫ್ಯಾನು ಗೋಡೌನಿನ ಮೂಲೆಯಲ್ಲಿ ನಿಂತು, ತಲೆ ಅತ್ತಿತ್ತ ತಿರುಗಿಸುತ್ತ, ತನ್ನ ಎದುರಿನ ಎರಡು ಗೋಣಿಗಳಿಗೆ ಪ್ರಾಮಾಣಿಕವಾಗಿ ಗಾಳಿ ಹಾಕಿತು. ಕರೆಂಟು ಇಲ್ಲದಾಗ ಅದೂ ಕಡಲಿನಂತೆಯೇ ವರ್ತಿಸುತ್ತಿತ್ತು.

ನಂಬಿದರೆ ನಂಬಿ, ಬೀಜ ಊದಿತು. ಒಂದೆರಡು ವಾರದಲ್ಲಿ ಹಸಿರು ಇಳಿಯಿತು, ಬಿಳುಪು ಏರಿತು. ಅಪ್ಪ ಒಂದು ಹಿಡಿ ಬೀಜವನ್ನು ಕರವಸ್ತ್ರದಲ್ಲಿ ಕಟ್ಟಿ ಮನೆಗೆ ತಂದು ದೀಪದ ಕೆಳಗೆ ಹರಡಿ ಅಮ್ಮನಿಗೆ ತೋರಿಸಿದರು. ಅವರು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡ ನೆನಪಿಲ್ಲ, ಆಮೇಲೂ ಕಾಣಲಿಲ್ಲ.

“ಬಣ್ಣ ನೋಡು!”

ಅಮ್ಮ ಬಣ್ಣ ನೋಡಲಿಲ್ಲ. ಬಾಗಿ ಮೂಸಿದಳು. “ಇದು ಕಾಫಿ ವಾಸನೆಯಾ? ಹಳೆ ಕೊಡೆ ವಾಸನೆ ಬರ್ತದೆ. ನಿಮ್ಮ ಅಂಗಿಯೂ ಹಾಗೇ ನಾರ್ತದೆ.”

“ನಿನಗೆ ಮೀನಿನ ವಾಸನೆ ಗೊತ್ತು, ನನಗೆ ಕಾಫಿ ವಾಸನೆ ಗೊತ್ತು. ಅವರವರದ್ದು ಅವರವರಿಗೆ ಇರ್ಲಿ.”

ನಾನು ಮೂಸಿದೆ. ನನಗೆ ಮಳೆಯ ವಾಸನೆ ಎನಿಸಿತು. ಯಾರ್ಡಿನಲ್ಲೂ ಎಲ್ಲರೂ ಹಾಗೇ ಹೇಳುತ್ತಿದ್ದರಂತೆ. ಕಾದು ಕಾದು ಬಳಲಿದವರ ಮೂಗು ಏನನ್ನು ಬೇಕಾದರೂ ಮಳೆ ಎಂದೀತು. ದಿನವಿಡೀ ಅದೇ ಕತ್ತಲೆಯಲ್ಲಿ, ಅದೇ ಉಸಿರಿನಲ್ಲಿ ನಿಂತಿದ್ದ ಅಪ್ಪನ ಮೂಗು ಕೆಲಸ ನಿಲ್ಲಿಸಿ ಬಹಳ ದಿನವಾಗಿತ್ತು. ಅದು ಅವರಿಗೆ ತಿಳಿಸಿರಲಿಲ್ಲ.

ಹೆಂಗಸರು ಕೆಮ್ಮತೊಡಗಿದ್ದರು. ದೊಡ್ಡಕ್ಕನದು ಎಲ್ಲರಿಗಿಂತ ಜೋರು. “ಮಳೆಗಾಲ ಬಂತಲ್ಲ ರೈಟರ್ರೇ, ಕೆಮ್ಮೂ ಬಂತು,” ಎಂದು ಅವಳೇ ತಮಾಷೆ ಮಾಡಿದಳು. ಎಲ್ಲರೂ ನಕ್ಕರು. ಕೆಮ್ಮು ನಗುವಿನ ನಡುವೆಯೂ ನಿಲ್ಲಲಿಲ್ಲ.

ಜುಲೈ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ನಾನು ಬೋರ್ಡಿನ ಮೇಲೆ ನದಿಗಳ ಹೆಸರು ಬರೆಯುತ್ತಿರುವಾಗ ಪಡುಬದಿಯ ಕಿಟಕಿಗಳೆಲ್ಲ ಒಟ್ಟಿಗೆ ಬಡಿದುಕೊಂಡವು. ಭೂಪಟ ಗೋಡೆಯಿಂದ ಕಿತ್ತು ಹಾರಿತು. ಹುಡುಗರು ಕೂಗಿದರು. ಆ ಗಾಳಿಯನ್ನು ಕರಾವಳಿಯವರಿಗೆ ಪರಿಚಯಿಸಬೇಕಾಗಿಲ್ಲ: ಭಾರ, ಉಪ್ಪು, ನಿಲ್ಲದ ಒಂದೇ ತಳ್ಳು. ಹೆಡ್‌ಮಾಸ್ಟರು ಶಾಲೆ ಬಿಟ್ಟರು. ನಾನು ಕೊಡೆ ಬಿಚ್ಚುವ ಆಸೆ ಬಿಟ್ಟು ಹೊಯ್ಗೆಬಜಾರಿಗೆ ಓಡಿದೆ. ದಾರಿಯುದ್ದಕ್ಕೂ ನನಗೆ ಸಂತೋಷವೇ ಇತ್ತು, ಇನ್ನು ಅಪ್ಪ ಗೆದ್ದರು ಎಂದು.

ಪಡು ಗೋಡೌನಿನ ಮುಂದೆ ಅಪ್ಪನೂ ಹೆಂಗಸರೂ ತಟ್ಟಿಗಳನ್ನು ಕೀಳುತ್ತಿದ್ದರು. ಗಾಳಿಗೆ ಬಿಚ್ಚಿ ಹೋಗಬಾರದೆಂದು ಅಪ್ಪ ತಾವೇ ನಿಂತು ತೆಂಗಿನ ಹಗ್ಗದ ಬಿಗಿಗಂಟು ಹಾಕಿಸಿದ್ದರು. ದಿನಾ ನೀರು ಕುಡಿದ ಗಂಟುಗಳು ಕಲ್ಲಾಗಿದ್ದವು. ಕೈಯಿಂದ ಆಗಲಿಲ್ಲ.

“ಕತ್ತಿ ತಾ! ಕತ್ತಿ!” ಎಂದು ಅಪ್ಪ ಕೂಗಿದರು. “ಕೊಯ್ಯಿರಿ, ಗಾಳಿ ಒಳಗೆ ಹೋಗ್ಲಿ!”

ದೊಡ್ಡಕ್ಕ ಕತ್ತಿ ಬೀಸಿದಳು. ಮೊದಲನೆಯ ತಟ್ಟಿ ಬಿತ್ತು, ಅದರ ಹಿಂದಿನ ಒದ್ದೆ ಗೋಣಿಯೂ ಹರಿದು ಬಿತ್ತು. ಕಡಲಿನ ಗಾಳಿ ಇಡೀ ವರ್ಷ ಕಾದವನ ಹಾಗೆ ಒಳಗೆ ನುಗ್ಗಿತು.

ನುಗ್ಗಿ ಅದು ಮಾಡಿದ ಮೊದಲ ಕೆಲಸವೆಂದರೆ, ಮೂಟೆಗಳ ಓಣಿಗಳಿಂದ ಒಂದು ಹಸಿರುಬೂದು ಹೊಗೆಯನ್ನು ಎಬ್ಬಿಸಿದ್ದು. ಬೆಂಕಿಯೇ ಬಿತ್ತೆಂದು ನಾನು ಹೆದರಿದೆ. ಬೆಂಕಿಯಲ್ಲ, ಬೂಷ್ಟು. ಗೋಣಿಯ ಹೊರಮೈಯಲ್ಲಿ ಕಾಣದಿದ್ದದ್ದು ಗೋಣಿಗಳ ನಡುವೆ, ಗೋಣಿಗಳ ಒಳಗೆ, ಬೀಜದ ಸೀಳಿನಲ್ಲಿ ವಾರಗಟ್ಟಲೆ ಬೆಳೆದಿತ್ತು. ಅದರ ಪುಡಿ ಗೋಡೌನಿನ ಮಾಡಿನವರೆಗೆ ಎದ್ದು, ಮೂರು ಗೋಡೆಗೂ ಬಡಿದು, ಹೊರಗೆ ಹೋಗಲು ದಾರಿಯಿಲ್ಲದೆ ನಮ್ಮ ಮೇಲೆಯೇ ಮಗುಚಿಬಿತ್ತು. ಎಲ್ಲರೂ ಬಗ್ಗಿ ಕೆಮ್ಮಿದೆವು. ಮೂಲೆಯಲ್ಲಿ ಫ್ಯಾನು ಇನ್ನೂ ತಲೆ ತಿರುಗಿಸುತ್ತಿತ್ತು.

ಅಪ್ಪ ಒಂದು ಗೋಣಿಯನ್ನು ನೆಲಕ್ಕೆ ಸುರಿದರು. ಉಂಡೆ ಉಂಡೆಯಾಗಿ ಬಿತ್ತು. ಒಂದು ಬೀಜ ಎತ್ತಿ ಕಚ್ಚಿದರು, ಒಳಗೆ ಕಪ್ಪು. ಇನ್ನೊಂದು ಗೋಣಿ ಸುರಿದರು. ಆಮೇಲೆ ಮತ್ತೊಂದು. ಯಾರೂ ತಡೆಯಲಿಲ್ಲ, ಯಾರೂ ಸಹಾಯಕ್ಕೂ ಹೋಗಲಿಲ್ಲ. ಸಾಹುಕಾರರು ಬಂದು ಕರವಸ್ತ್ರವನ್ನು ಮೂಗಿಗೆ ಹಿಡಿದು ಕಂಬದ ಹತ್ತಿರ ನಿಂತರು.

“ತೇವ ಕೊಟ್ಟೆ ಸಾಹುಕಾರ್ರೇ,” ಎಂದರು ಅಪ್ಪ. “ಸರಿಯಾಗಿಯೇ ಕೊಟ್ಟೆ.”

“ಕೊಟ್ಟಿದ್ದೀರಿ ಪೊರ್ಬುಗಳೇ. ನಾನೂ ಒಪ್ಪಿದ್ದೇನಲ್ಲ.”

ಅಷ್ಟೇ ಮಾತು. ಗಾಳಿ ತೇವವನ್ನು ತರುವುದೂ ಉಂಟು, ಹೆಚ್ಚಾದದ್ದನ್ನು ಹೊತ್ತುಕೊಂಡು ಹೋಗುವುದೂ ಉಂಟು. ನಿಂತ ತೇವ ಕೊಳೆಯುತ್ತದೆ. ಇದನ್ನು ಯಾವ ಗೃಹಿಣಿಯಾದರೂ ಉಪ್ಪಿನಕಾಯಿ ಭರಣಿಯ ಮುಂದೆ ನಿಂತು ಹೇಳಿಯಾಳು. ನಾವು ಗಂಡಸರು ಮಳೆಗಾಲವನ್ನೇ ಮಾಡಹೊರಟವರು, ಭರಣಿಯನ್ನು ವಿಚಾರಿಸುವುದುಂಟೇ?

ಇಂದು ಕಡಲೇ ಕಾಯುತ್ತಿದೆ ಎನ್ನುತ್ತಾರೆ. ನಾವು ಬಿಟ್ಟ ಹೊಗೆ ಹಿಡಿದಿಟ್ಟ ಬಿಸಿಯ ಹೆಚ್ಚಿನ ಪಾಲನ್ನು ನೀರು ನುಂಗಿಕೊಂಡಿದೆಯಂತೆ; ಅದರಿಂದ ಗಾಳಿಯ ನಡತೆ ಕೆಡುತ್ತಿದೆ, ಮಳೆ ಬಂದರೆ ಒಮ್ಮೆಲೇ ಸುರಿಯುತ್ತದೆ, ಬಾರದಿದ್ದರೆ ಮುಖವನ್ನೇ ತೋರಿಸುವುದಿಲ್ಲ. ಅದನ್ನು ಸರಿಪಡಿಸುವ ದೊಡ್ಡ ದೊಡ್ಡ ಉಪಾಯಗಳನ್ನು ಪೇಪರಿನಲ್ಲಿ ಓದುವಾಗ ನನಗೆ ಆ ಫ್ಯಾನು ಕಣ್ಣಿಗೆ ಕಟ್ಟುತ್ತದೆ.

ಆ ವರ್ಷದ ಉಳಿದ ಮಳೆಗಾಲ ಚೆನ್ನಾಗಿಯೇ ಆಯಿತು. ಆಗಸ್ಟ್ ಉದ್ದಕ್ಕೂ ಒಳ್ಳೆಯ ಗಾಳಿ. ಖಾಲಿ ಗೋಡೌನಿನಲ್ಲಿ ಅದು ಹಗಲಿರುಳು ಓಡಾಡಿತು. ಕೆಟ್ಟ ಕಾಫಿಯನ್ನು ಯಾರ್ಡಿನ ಹಿಂದೆ ಗುಂಡಿ ತೋಡಿ ಮುಚ್ಚಿದರು. ಮುಚ್ಚುವ ಕೆಲಸಕ್ಕೂ ಅಪ್ಪನೇ ರೈಟರ್, ಬೆನ್ನ ಹಿಂದೆ ಕೈಕಟ್ಟಿ ನಿಂತರು. ಆಮೇಲೆ ಹೆಂಗಸರನ್ನು ಕೆಲಸಕ್ಕೆ ಕರೆಯಲಿಲ್ಲ. ಕೆಲವರು ಹಂಚಿನ ಕಾರ್ಖಾನೆಗೆ ಹೋದರು, ಕೆಲವರು ಮನೆಯಲ್ಲೇ ಬೀಡಿ ಕಟ್ಟಿದರು. ದೊಡ್ಡಕ್ಕನ ಕೆಮ್ಮು ಬೇಸಗೆಗೂ ಇಳಿಯಲಿಲ್ಲ. ಅಪ್ಪ ಒಮ್ಮೆ ಕಿತ್ತಳೆ ಹಿಡಿದುಕೊಂಡು ಅವಳನ್ನು ನೋಡಲು ಸರ್ಕಾರಿ ಆಸ್ಪತ್ರೆಗೆ ಹೋದರು. ಮತ್ತೊಮ್ಮೆ ಹೋದಾಗ ಆ ಮಂಚದಲ್ಲಿ ಬೇರೆಯವರಿದ್ದರಂತೆ. ಕಿತ್ತಳೆಯನ್ನು ಅವರಿಗೇ ಕೊಟ್ಟು ಬಂದರು.

ಮರುವರ್ಷ ಮೇ ತಿಂಗಳಲ್ಲಿ ನಮ್ಮ ಮನೆಯ ತಟ್ಟಿಯನ್ನು ಅಪ್ಪನೇ ಕಟ್ಟಿದರು. ಅಮ್ಮ ಏಣಿ ಹಿಡಿದಳು, ಕಪ್ತಾನ ಎನ್ನಲಿಲ್ಲ. ಎಲ್ಲ ಗಂಟನ್ನೂ ಜಾರುಗಂಟು ಹಾಕಿದ್ದರಿಂದ ಮೊದಲ ಗಾಳಿಗೇ ತಟ್ಟಿ ಬಿಚ್ಚಿಕೊಂಡು ಹೋಯಿತು. ಪಡುಗೋಡೆ ನೀರು ಕುಡಿಯಿತು, ಒಳಗಿನ ಸುಣ್ಣ ಉದುರಿತು. ಅಪ್ಪ ಅದರ ಎದುರೇ ಕುರ್ಚಿ ಹಾಕಿ ಕೂತಿರುತ್ತಿದ್ದರು.

ಸಾಹುಕಾರರು ಪಡು ಗೋಡೌನಿನ ಕಂಬಗಳ ನಡುವೆ ಕೆಂಪು ಕಲ್ಲಿನ ಗೋಡೆ ಎಬ್ಬಿಸಿ ಕಟ್ಟಡವನ್ನು ಬಾಡಿಗೆಗೆ ಕೊಟ್ಟರು. ಅದರಲ್ಲಿ ಸಿಮೆಂಟಿನ ಚೀಲ ಇಟ್ಟರು. ಅಪ್ಪನಿಗೆ ಮತ್ತೆ ಕೆಲಸ ಸಿಗಲಿಲ್ಲ.